ಹನ್ನೊಂದನೆಯ ಅಡಿಟಿಪ್ಪಣಿ

ಶಾರ್ಜಾದ ರೋಲಾದಲ್ಲಿ, ಕರಕ್ ಚಹಾದಂಗಡಿಗೂ
ಮೊಬೈಲ್ ರಿಪೇರಿಗೂ ನಡುವೆ
ನನ್ನ ಟೈಪಿಂಗ್ ಸೆಂಟರು. ನನ್ನದೆಂದರೆ ಅರಬಾಬನದು.
ಬೋರ್ಡಿನಲ್ಲಿ ಅವನ ಹೆಸರು, ಕುರ್ಚಿಯಲ್ಲಿ ನಾನು.

ವೀಸಾ ಅರ್ಜಿ, ಬಾಡಿಗೆ ಕರಾರು, ರದ್ದತಿ ಪತ್ರ,
ಹದಿನೇಳು ವರ್ಷದಿಂದ ಇದೇ ಬೆರಳು.
ಗುರುವಾರ ರಾತ್ರಿ, ಡ್ಯೂಟಿ ಬಟ್ಟೆಯಲ್ಲೇ ಬಂದರು ಬೆನೆಡಿಕ್ಟಾ ಬಾಯಿ,
ಅಜ್ಮಾನಿನ ಕ್ಲಿನಿಕ್ಕಿನ ನರ್ಸು, ಊರು ಶಿರ್ವದ ಆಚೆ.
ದೂರಶಿಕ್ಷಣದ ಕನ್ನಡ ಎಂ.ಎ., ನಲವತ್ತು ಪುಟದ ಪ್ರಬಂಧ.
"ಗಟ್ಟಿಯವರೇ, ಅಡಿಟಿಪ್ಪಣಿ ಸ್ವಲ್ಪ ಸರಿಮಾಡಿ ಕೊಡಿ,
ಭಾನುವಾರ ಕಡೇ ದಿನ."

ನೋಡಿದೆ. ಹನ್ನೊಂದನೆಯದರಲ್ಲಿ
ಮಾತು ಪದ್ಮನಾಭಯ್ಯನವರದು, ಹೆಸರು ಸಂಪಾದಕರದು.
ನೂರು ವರ್ಷದ ವಿಮರ್ಶೆಯನ್ನೆಲ್ಲ ಕತ್ತರಿಸಿ ಪೇರಿಸಿದ
ಎಂಟು ಸಂಪುಟದ ದಪ್ಪ ಆಕರಗ್ರಂಥ;
ಐದನೆಯದರಿಂದ ಫೋನಿನಲ್ಲಿ ತೆಗೆದ ಓರೆ ಪಟ.

"ಇದನ್ನು ಹೇಳಿದವರು ಯಾರು ಬಾಯಿ?"
"ಪುಸ್ತಕದಲ್ಲಿ ಇತ್ತಲ್ಲ."
"ಇರುವುದು ಬೇರೆ, ಹುಟ್ಟಿದ್ದು ಬೇರೆ.
ನಾನಿರುವುದು ಅರಬಾಬನ ವೀಸಾದಲ್ಲಿ,
ಹಾಗಂತ ಅವನು ನನ್ನ ಅಪ್ಪನಲ್ಲ."

ನಕ್ಕರು. ಅರ್ಜಿ ತುಂಬುವ ಅಭ್ಯಾಸದಲ್ಲೇ ಕೇಳುತ್ತ ಹೋದೆ:
ಮೂಲ ಊರು, ಅಂದರೆ ಯಾವ ಪತ್ರಿಕೆ, ಯಾವ ತಿಂಗಳು?
ಸದ್ಯದ ವಾಸ ಎಷ್ಟನೇ ಪುಟದಲ್ಲಿ?
ಕರೆತಂದವರು ಯಾರು?
ಎರಡು ತಾರೀಕೂ ಬೇಕು. ಕೃಪೆ ಎಂದೊಂದು ಪದ ಹಾಕಿ
ಕೈತೊಳೆದುಕೊಳ್ಳುವ ಹಾಗಿಲ್ಲ.

ಸಂಪಾದಕ! ಇಲ್ಲಿ ಯಾರು ಅಲ್ಲ?
ನಾವೆಲ್ಲ ಬಂದದ್ದೇ ಸಂಪಾದನೆಗೆ.
ದಿನದಿನದ ಬದುಕನ್ನು ಬೇಕಾದಷ್ಟು ಕತ್ತರಿಸಿ
ಮನೆಗೆ ಕಳಿಸುತ್ತೇವೆ ಫೋನಿನಲ್ಲಿ:
ಆರಾಮ, ಊಟ ಆಯ್ತು, ಬಿಸಿಲು ಸ್ವಲ್ಪ ಜಾಸ್ತಿ.

ಆಗ ಕಂಡಿತು, ಪಟದೊಳಗೆ, ಎರಡು ಮಾತಿನ ಮಧ್ಯೆ
ನೊಣ ಕೂತೆದ್ದ ಗುರುತಿನಂತೆ
ಮೂರು ಚುಕ್ಕಿ.

"ಇಲ್ಲಿ ಏನಿತ್ತು?"
"ಬೇಡದ್ದೇನೋ ಇರಬೇಕು."
ಅಂದವರೇ ಸುಮ್ಮನಾದರು. ಬೇಡದ್ದು ಯಾರಿಗೆ?

ಧಾರವಾಡದ ಲೈಬ್ರರಿಯಲ್ಲಿ ಅವರ ಗೆಳತಿಯ ಸೊಸೆ.
ಮರುದಿನ ಜುಮ್ಮಾ ನಮಾಜು ಬಿಡುವ ಹೊತ್ತಿಗೆ ಫೋನು ಟುಣ್ಣೆಂದಿತು:
ಪತ್ರಿಕೆಯ ಹಳದಿ ಹಾಳೆ, ಹುಳ ತಿಂದ ಅಂಚು,
ಅಂಚಿನ ಮೇಲೊಂದು ಹೆಬ್ಬೆರಳು, ಉಗುರಿಗೆ ಮದರಂಗಿ.

ಸಂಪುಟದಲ್ಲಿದ್ದದ್ದು ಇಷ್ಟು:
"ಈ ಕಾದಂಬರಿಯ ಹೆಂಗಸರಿಗೆ ಮಾತೇ ಇಲ್ಲ..."
ಚುಕ್ಕಿಯ ಜಾಗದಲ್ಲಿ, ಹಳದಿ ಹಾಳೆಯಲ್ಲಿ:
"ಎಂದು ತೀರ್ಪು ಕೊಡುವವರು
ಅಡುಗೆಮನೆಯ ಅಧ್ಯಾಯಗಳನ್ನು ಹಾರಿಸಿ ಓದಿದ್ದಾರೆ."

ನಲವತ್ತು ಪುಟವೂ ನಿಂತದ್ದು ಆ ಅರ್ಧದ ಮೇಲೆ.
ಏಸಿಯ ನೀರು ಬಕೆಟ್ಟಿಗೆ ತೊಟಕ್, ತೊಟಕ್.

ಉದ್ಧರಣೆ. ತೀರ್ಥ ಕೊಡುವ ಪುಟ್ಟ ಚಮಚಕ್ಕೂ ಅದೇ ಹೆಸರು.
ಅದರಲ್ಲಿ ಬರುವುದು ನೀರೇ, ಸುಳ್ಳಲ್ಲ.
ಆದರೆ ಅಷ್ಟನ್ನು ಕುಡಿದು
ಬಾವಿಯ ಆಳ ಹೇಳಹೋದೆವಲ್ಲ.

"ಹಿಂದಿನ ಶಿಫ್ಟಿನವರು ಚೀಟಿಯಲ್ಲಿ ಬರೆದಿದ್ದಾರೆಂದು
ನಾನು ಯಾರಿಗೂ ಸೂಜಿ ಚುಚ್ಚಿದವಳಲ್ಲ.
ಇನ್ನೊಮ್ಮೆ ಹೆಸರು ಕೇಳಿ, ಕೈಪಟ್ಟಿ ನೋಡಿ, ಆಮೇಲೆ."
ತಮಗೇ ಹೇಳಿಕೊಂಡಂತೆ ಹೇಳಿದರು.
ಮತ್ತೆ, "ಮೂಲ ನೋಡಿದ್ದೇನೆಂದು ಬರೆಯಲಾ?"
"ಒಂದು ಪುಟದ ಫೋಟೋ ನೋಡಿದ್ದೀರಿ.
ಅಷ್ಟನ್ನೇ ಬರೆಯಿರಿ."

ಪಾಸ್‌ಪೋರ್ಟ್ ಫೋಟೋದ ಸ್ಟೂಲಿನಲ್ಲಿ ಕೂತು, ಬೂಟು ಕಳಚಿ,
ಕೆಂಪು ಪೆನ್ನಿನಲ್ಲಿ ಮೂರನೆಯ ಅಧ್ಯಾಯವನ್ನೇ ಹೊಡೆದುಹಾಕಿದರು.
ಟಿಕೆಟಿನ ಅರ್ಜಿಗೆ ಬಂದ ಪಠಾಣನೊಬ್ಬ
ಅವರ ಮುಖ ನೋಡಿ, ಏನೋ ಸಾವಿನ ಸುದ್ದಿಯೆಂದು
ಬಾಗಿಲಲ್ಲೇ ನಿಂತ.

ಹನ್ನೊಂದನೆಯ ಟಿಪ್ಪಣಿ ನಾಲ್ಕು ಸಾಲಾಯಿತು:
ಪದ್ಮನಾಭಯ್ಯ, ಪತ್ರಿಕೆ, ಮರುಮುದ್ರಣ, ಸಂಪಾದಕ,
ಮದರಂಗಿಯ ಹುಡುಗಿಯ ಹೆಸರೂ. ಅದು ನಿಯಮದಲ್ಲಿಲ್ಲ,
ಬಾಯಿ ಬಿಡಲಿಲ್ಲ.

ಇಪ್ಪತ್ತೆರಡು ದಿರ್ಹಮ್. ಇಪ್ಪತ್ತು ಕೊಟ್ಟರು,
ಚಿಲ್ಲರೆ ಇರಲಿಲ್ಲ. ಪಟ್ಟಿಯಲ್ಲಿ ಬರೆದುಕೊಂಡೆ.

ಶಟರ್ ಎಳೆಯುವಾಗ ಹೆಂಡತಿಯ ಫೋನು.
ಆರಾಮ, ಅಂದೆ. ಊಟ ಆಯ್ತು.
ಬಿಸಿಲು, ಎಂದು ಶುರುಮಾಡಿ, ಯಾಕೋ ತಡೆದು,
ಆರು ತಿಂಗಳಿಂದ ಮಡಚಲು ಬಾರದ
ಎಡಮೊಣಕಾಲಿನ ವಿಷಯ ಹೇಳತೊಡಗಿದೆ.